ಸುಮ್ಮನೆ ಊರು ನೋಡಲು ಹೊರಟ ಅಜ್ಜಿಗೂ ಬಸ್ ನಿಲ್ಲಲಿ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರಗಳು.

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನನಗೆ 69 ವರ್ಷ. ಹಿಂದೆ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾಯಿತಲ್ಲ, ಅದಕ್ಕೂ ಮುಂಚೆ ಎಲ್ಲಿಗೆ ಹೋಗಬೇಕಾದರೂ ಮಗನ ಹತ್ತಿರ ಚಾರ್ಜಿಗೆ ದುಡ್ಡು ಕೇಳಬೇಕಿತ್ತು. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಪಿಂಚಣಿ ಮಾತ್ರೆಗೇ ಸರಿಹೋಗುತ್ತದೆ. ಮಗ ಒಳ್ಳೆಯವನೇ, ಇಲ್ಲ ಅನ್ನುತ್ತಿರಲಿಲ್ಲ. ಆದರೆ ಎಲ್ಲಿಗೆ, ಯಾಕೆ, ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ ಅಂತ ಕೇಳುತ್ತಿದ್ದ. ಇಷ್ಟಕ್ಕೂ ಉತ್ತರ ಹೊಂದಿಸುವಷ್ಟರಲ್ಲಿ ಹೋಗುವ ಆಸೆಯೇ ಬತ್ತಿಹೋಗುತ್ತಿತ್ತು.

ಹೋದ ಡಿಸೆಂಬರಿನಲ್ಲಿ ನಾವು ಮೂವರು, ಅರಸೀಕೆರೆಯಲ್ಲಿ ಕಣ್ಣು ತೋರಿಸಿಕೊಂಡು ಬರ್ತೀವಿ ಅಂತ ಮನೆಯಲ್ಲಿ ಹೇಳಿ ಹೊರಟೆವು. ಅರಸೀಕೆರೆಯಲ್ಲಿ ಇಳಿದವರು ಆಸ್ಪತ್ರೆ ಕಡೆ ತಿರುಗಿಯೂ ನೋಡದೆ ಬೇಲೂರಿನ ದಾರಿ ಹಿಡಿದೆವು. ಬ್ಯಾಗಿನಲ್ಲಿ ಚಿತ್ರಾನ್ನ, ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು. ಚೆನ್ನಕೇಶವನ ಗುಡಿಯಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿ ಇದ್ದಾಳಲ್ಲ, ಅವಳ ಕೆಳಗೆ ನಮ್ಮ ಎಪ್ಪತ್ನಾಲ್ಕರ ಗೆಳತಿ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಅದರ ಮುಚ್ಚಳವನ್ನೇ ಕನ್ನಡಿ ಮಾಡಿಕೊಂಡು, ಸೊಂಟ ಬಾಗಿಸಿ ನಿಂತುಬಿಟ್ಟಳು. ಪ್ರವಾಸಕ್ಕೆ ಬಂದಿದ್ದ ಶಾಲೆ ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಸೊಂಟ ನೆಟ್ಟಗೆ ಮಾಡಲು ನಾವಿಬ್ಬರೂ ಕೈ ಕೊಡಬೇಕಾಯಿತು. ರಾತ್ರಿ ಅವಳ ಸೊಸೆ ಡಾಕ್ಟರು ಏನಂದ್ರು ಅಂತ ಕೇಳಿದರೆ, 'ಎಲ್ಲಾ ಚೆನ್ನಾಗಿ ಕಾಣ್ತಿದೆ' ಅಂದಳಂತೆ.

ಸ್ವಾಮಿ, ಈ ಸಂತೋಷಕ್ಕೆ ಬೆಲೆ ಇಲ್ಲವೆನ್ನುವಂತೆ ಜನ ಮಾತಾಡುತ್ತಾರೆ. ಒಬ್ಬ ಕಂಡಕ್ಟರ್ ತುಂಬಿದ ಬಸ್ಸಿನಲ್ಲಿ, 'ಈ ವಯಸ್ಸಲ್ಲಿ ಮನೇಲಿ ಕೂರೋಕಾಗಲ್ವೇನಜ್ಜಿ, ಫ್ರೀ ಅಂತ ತಿರುಗ್ತೀರಲ್ಲ' ಅಂದ. ಬಸ್ಸೇ ನಕ್ಕಿತು. ಅವನ ಮೇಲೆ ದೂರು ಕೊಡಲು ನಾನು ಬರೆಯುತ್ತಿಲ್ಲ, ದಿನವಿಡೀ ನಿಂತು ದುಡಿಯುವವನು. ಆದರೆ ಯೋಜನೆಯನ್ನು ಹೊಗಳುವವರೂ ಗಾರ್ಮೆಂಟ್ಸಿಗೆ ಹೋಗುವವರನ್ನು, ಕಾಲೇಜಿನ ಹುಡುಗಿಯರನ್ನು, ಹೆಚ್ಚೆಂದರೆ ಧರ್ಮಸ್ಥಳಕ್ಕೆ ಹೋಗುವ ಭಕ್ತೆಯರನ್ನು ನೆನೆಯುತ್ತಾರೆ. ಸುಮ್ಮನೆ ಊರು ನೋಡಲು ಹೊರಟವಳ ಹೆಸರೆತ್ತುವುದಿಲ್ಲ. ಒಮ್ಮೆ ನೀವು ಎತ್ತಿ. ಜೀವಮಾನವೆಲ್ಲ ಬೇರೆಯವರ ಕೆಲಸಕ್ಕೇ ಬಸ್ ಹತ್ತಿದ ಹೆಂಗಸು ಈಗ ತನ್ನ ಖುಷಿಗೆ ಹತ್ತುವುದೂ ಈ ಯೋಜನೆಯ ಫಲವೇ ಅಂತ ನಿಮ್ಮ ಬಾಯಿಂದ ಬಂದರೆ, ಚಾಲಕ ನಿರ್ವಾಹಕರ ಕಿವಿಗೂ ಬೀಳುತ್ತದೆ.

ಇನ್ನು ಬಸ್ಸಿನ ಮಾತು. ಮೊದಲ ಮೆಟ್ಟಿಲು ನಮ್ಮ ಮಂಡಿಯೆತ್ತರ ಇರುತ್ತದೆ. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಕಂಬಿ ಹಿಡಿದು ಮೈಯನ್ನೆಲ್ಲ ಎಳೆದುಕೊಂಡು ಹತ್ತುವಷ್ಟರಲ್ಲೇ ಹಿಂದಿನಿಂದ 'ರೈಟ್' ಅನ್ನುತ್ತಾರೆ. ಹೊಸ ಬಸ್ ಕೊಳ್ಳುವಾಗ ಮೆಟ್ಟಿಲು ತಗ್ಗಿಸಿ. ಅಲ್ಲಿಯವರೆಗೆ, ನಮ್ಮ ಎರಡೂ ಕಾಲು ಒಳಗೆ ಬಂದ ಮೇಲೆ ರೈಟ್ ಹೇಳಲಿ. ಬರೀ ಹೆಂಗಸರು ನಿಂತಿರುವ ಸ್ಟಾಪಿನಲ್ಲೂ ಬಸ್ ನಿಲ್ಲಲಿ, ಮುಂದೆ ಹೋಗಿ ನಿಲ್ಲಿಸಿದರೆ ನಮಗೆ ಓಡಲಾಗುವುದಿಲ್ಲ. ನಿಲ್ದಾಣಗಳಲ್ಲಿ ಶೌಚಾಲಯ ಚೊಕ್ಕಟವಾಗಿರಲಿ. ಬೇಲೂರಿಗೆ ಹೋದ ದಿನ ನಾವು ಮೂವರೂ ಬೆಳಗಿನಿಂದ ಒಂದು ಲೋಟ ನೀರು ಕುಡಿದಿರಲಿಲ್ಲ.

ಮಳೆ ಹಿಡಿದ ಮೇಲೆ ಜೋಗ ನೋಡಬೇಕು ಅಂತ ಆ ಗೆಳತಿಯ ಹಟ. ದೂರದ ದಾರಿ, ಒಂದು ರಾತ್ರಿ ಹೊರಗೆ ಉಳಿಯಬೇಕು. ಮನೆಯಲ್ಲಿ ಏನು ಹೇಳುವುದೆಂದು ಮೂವರೂ ಜಗಲಿ ಮೇಲೆ ಕೂತು ಯೋಚಿಸುತ್ತಿದ್ದೇವೆ.

ಇಂತಿ,
ತಿಪಟೂರು ತಾಲ್ಲೂಕಿನ ಒಬ್ಬ ಅಜ್ಜಿ