ಮೈದಾನದ ತಿಮಿಂಗಿಲ, ಬಾಟಲಿಯ ಪಾಚಿ

ಆತ್ಮೀಯ ಪೋಷಕರೇ, ನಮಸ್ಕಾರ.

ಕಳೆದ ಶನಿವಾರ ಏಳನೇ ತರಗತಿಯ ಮಕ್ಕಳು ಸಮವಸ್ತ್ರಕ್ಕೆಲ್ಲ ಸುಣ್ಣ ಮೆತ್ತಿಕೊಂಡು ಮನೆಗೆ ಬಂದರಲ್ಲ, ಅದಕ್ಕೆ ನಾನೇ ಹೊಣೆ. ನೀಲಿ ತಿಮಿಂಗಿಲದ ಚಿತ್ರವನ್ನು ನಿಜ ಅಳತೆಯಲ್ಲೇ ಮೈದಾನದಲ್ಲಿ ಬರೆಸಿದೆವು. ದೊಡ್ಡದೊಂದು 30 ಮೀಟರ್ ಉದ್ದ ಬೆಳೆಯುತ್ತದೆ. ನಮ್ಮ ಮೈದಾನ ಸಾಲದೆ ಬಾಲ ಬಿಸಿಯೂಟದ ಅಡುಗೆಮನೆಯ ಜಗಲಿ ಹತ್ತಿತು. ಅಡುಗೆಯಕ್ಕ ಪೊರಕೆ ಹಿಡಿದು ಬಂದದ್ದೂ ನಿಜ.

ಸೋಮವಾರ ಹಳ್ಳದ ಕಲ್ಲಿನ ಮೇಲಿನ ಕಂದು ಲೋಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿದ್ದದ್ದು ಡಯಾಟಮ್, ಒಂದೇ ಜೀವಕೋಶದ ಪಾಚಿ. ಗಾಜಿನಂಥ ಸಿಲಿಕದ ಎರಡು ಚಿಪ್ಪು, ಒಂದರ ಮೇಲೊಂದು ಕುಂಕುಮದ ಭರಣಿಗೆ ಮುಚ್ಚಳ ಕೂತ ಹಾಗೆ. ಮೀಟರಿನ 10 ಲಕ್ಷದಲ್ಲಿ ಒಂದು ಭಾಗ ಮೈಕ್ರೋಮೀಟರ್; 30 ಮೈಕ್ರೋಮೀಟರ್ ಉದ್ದದ ಡಯಾಟಮ್‌ಗಿಂತ ಆ ತಿಮಿಂಗಿಲ 10 ಲಕ್ಷ ಪಟ್ಟು ಉದ್ದ. ಪಾಚಿಯನ್ನು 2 ಮಿಲಿಮೀಟರಿನ ಸಾಸಿವೆ ಕಾಳು ಅಂದುಕೊಂಡರೆ, ತಿಮಿಂಗಿಲ 2 ಕಿಲೋಮೀಟರ್ ಚಾಚಿಕೊಳ್ಳುತ್ತದೆ!

“ಅಷ್ಟು ದೊಡ್ಡದು ಏನು ತಿನ್ನುತ್ತೆ ಮೇಡಂ?” ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಅಂಟಾರ್ಕ್ಟಿಕದ ಕಡಲಿನಲ್ಲಿ ಅದರ ಊಟ ಕ್ರಿಲ್ ಎಂಬ, ಸಿಗಡಿಯಂಥ ಪುಟ್ಟ ಜೀವಿ. ಕ್ರಿಲ್ಲಿನ ಮುಖ್ಯ ಊಟ ಈ ಡಯಾಟಮ್ಮೇ. ತಿಮಿಂಗಿಲದ ಸಗಣಿಯಲ್ಲಿ ಕಬ್ಬಿಣದ ಅಂಶ ಹೆಚ್ಚು; ಕಬ್ಬಿಣದ ಕೊರತೆಯಿರುವ ಆ ನೀರಿನಲ್ಲಿ ಅದೇ ಪಾಚಿಗೆ ಗೊಬ್ಬರ. ನಮ್ಮ ಮನೆಗಳ ಕೊಟ್ಟಿಗೆ, ತಿಪ್ಪೆ, ಗದ್ದೆಯ ಲೆಕ್ಕವೇ ಇದು. ಹಾಗಾಗಿ ಮಕ್ಕಳಿಗೆ ಬೇಗ ತಿಳಿಯಿತು, ನಗುವೂ ಬೇಗ ನಿಲ್ಲಲಿಲ್ಲ. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಭಾಗ ಡಯಾಟಮ್‌ಗಳದ್ದು ಎಂದಾಗ ಮಾತ್ರ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

“ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ?” ಎಂದು ಪೋಷಕರೊಬ್ಬರು ಕೇಳಿದ್ದಾರೆ. ತಿಮಿಂಗಿಲ ಬರಲಿಕ್ಕಿಲ್ಲ. ಮೀಟರನ್ನು ಮೈಕ್ರೋಮೀಟರಿಗೆ ತಿರುಗಿಸುವ ಲೆಕ್ಕ ಬರಬಹುದು; ಸೊನ್ನೆಗಳಲ್ಲಿ ಮೊದಲು ತಪ್ಪಿದವಳು ನಾನು, ತಿದ್ದಿದ್ದು ನಿಮ್ಮ ಮಕ್ಕಳು.

ಈಗ ಒಂದು ಕೋರಿಕೆ. ಪ್ರತಿ ಮಗುವೂ ಹಳ್ಳದ ನೀರಿನ ಬಾಟಲಿಯೊಂದನ್ನು ಮನೆಗೆ ತಂದಿದೆ. ಗಲೀಜು ಎಂದು ಚೆಲ್ಲಬೇಡಿ. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿಯ ಬೆಳಕಿನಲ್ಲಿಡಿ. ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ನೀರು ಸಾಲದೆಂದು ಯಾರನ್ನೂ ಒಂಟಿಯಾಗಿ ಹಳ್ಳಕ್ಕೆ ಕಳಿಸಬೇಡಿ. ಬಾಟಲಿಗಳು ಬರುವ ಶುಕ್ರವಾರ ಶಾಲೆಗೆ ಬರಲಿ. ಬಿಡುವಿದ್ದರೆ ನೀವೂ ಬನ್ನಿ, ಸೂಕ್ಷ್ಮದರ್ಶಕ ಮಧ್ಯಾಹ್ನ ಮೂರರವರೆಗೆ ಹೊರಗೇ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ