ಮೊಬೈಲಿಗೆ ಹೊಂದದ ಜಾಲತಾಣವನ್ನು ಸರಿಪಡಿಸಿಕೊಡುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಜಾಲತಾಣ ವಿನ್ಯಾಸ ವಿಭಾಗ

ವಿಷಯ: ನೀವು ರೂಪಿಸಿಕೊಟ್ಟ ಜಾಲತಾಣವು ಫೋನಿನಲ್ಲಿ ಬಳಕೆಗೆ ಬಾರದಿರುವ ಬಗ್ಗೆ.

ಮಾನ್ಯರೇ,

ತಿಪಟೂರಿನ ನನ್ನ ಮರಗಾಣದ ಎಣ್ಣೆ ಘಟಕಕ್ಕೆ ನೀವು ಜಾಲತಾಣ ಮಾಡಿಕೊಟ್ಟು ಎರಡು ತಿಂಗಳಾಯಿತು. ಮೊಬೈಲಿಗೂ ಕಂಪ್ಯೂಟರಿಗೂ ಹೊಂದುವ ವಿನ್ಯಾಸವೆಂದು ಕರಾರಿನಲ್ಲೇ ಬರೆದಿದೆ. ನಿಮ್ಮ ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ ಮೆಚ್ಚಿ ಸಹಿ ಹಾಕಿದ ನಾನು, ಅಲ್ಲೇ ಜೇಬಿನಿಂದ ಫೋನ್ ತೆಗೆದು ನೋಡದೆ ಹೋದದ್ದು ನನ್ನ ತಪ್ಪೇ ಸರಿ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಬರುವವರು.

ಫೋನಿನಲ್ಲಿ ತೆರೆದರೆ ಇಡೀ ಪುಟ ಕುಗ್ಗಿ ಬರುತ್ತದೆ. ಬೆರಳಿನಿಂದ ಹಿಗ್ಗಿಸಿ, ಅಡ್ಡಕ್ಕೆ ಸರಿಸುತ್ತಾ ಓದಬೇಕು. ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಪುಟದ ಕೋಡ್ ನೋಡಿ, ಪರದೆಯ ಅಗಲಕ್ಕೆ ಹೊಂದಿಕೊಳ್ಳುವಂತೆ ಬ್ರೌಸರ್‌ಗೆ ತಿಳಿಸುವ ‘ವ್ಯೂಪೋರ್ಟ್’ ಎಂಬ ಸಾಲೇ ಅದರಲ್ಲಿಲ್ಲ, ಅದಿಲ್ಲದಿದ್ದರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಎಣಿಸಿ ಕುಗ್ಗಿಸಿಬಿಡುತ್ತದೆ ಎಂದ. ಒಂದೇ ಸಾಲಿನ ಕೆಲಸ! ಇದನ್ನೇ ಫೋನ್ ಮಾಡಿ ಹೇಳಿದರೆ ನಿಮ್ಮ ಸಿಬ್ಬಂದಿ ಎರಡು ಸಲವೂ ‘ನೆಟ್‌ವರ್ಕ್ ಸಮಸ್ಯೆ ಇರಬೇಕು ಸರ್’ ಎಂದರು.

ನನಗೆ ಹೆಚ್ಚು ಬೇಸರವಾದದ್ದು ಕನ್ನಡ ಅಕ್ಷರಗಳ ಗತಿ ನೋಡಿ. ಕಂಪ್ಯೂಟರಿನ ಫಾಂಟ್ ಬೇರೆ, ಫೋನಿನದು ಬೇರೆ. ಗುಂಡಿಗಳ ಎತ್ತರವನ್ನು ನೀವು ಬಿಗಿಯಾಗಿ ಕಟ್ಟಿಹಾಕಿರುವುದರಿಂದ ಫೋನಿನಲ್ಲಿ ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿ, ‘ಎಣ್ಣೆ ಕೊಳ್ಳಿ’ ಎಂಬುದು ‘ಎಣೆ ಕೊಳಿ’ ಎಂದಾಗಿದೆ. ‘ಕೊಬ್ಬರಿ’ ‘ಕೊಬರಿ’ಯಾಗಿದೆ. ತಿಪಟೂರಿನವನಿಗೇ ಕೊಬ್ಬರಿ ಬರೆಯಲು ಬಾರದೇ ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು.

ಅರ್ಧ ಲೀಟರ್ ಮತ್ತು 5 ಲೀಟರ್ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಮುಟ್ಟುವ ಗುಂಡಿ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಬೇಕು, ಇಲ್ಲವೇ ಸುತ್ತ ಸಾಕಷ್ಟು ಜಾಗ ಬಿಟ್ಟಿರಬೇಕು ಎಂದು ಜಾಲತಾಣಗಳಿಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯು3ಸಿ 2023ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ನಿಮ್ಮಲ್ಲಿ ಎರಡೂ ಇಲ್ಲ. ಅರ್ಧ ಲೀಟರ್ ಬೇಕಿದ್ದ ಅರಸೀಕೆರೆಯ ಅಜ್ಜಿಯೊಬ್ಬರಿಗೆ 5 ಲೀಟರ್ ಡಬ್ಬ ಹೋಗಿ, ಅವರು ಒಲ್ಲೆನೆಂದು ಹಿಂದಿರುಗಿಸಿದ್ದರಿಂದ ಎರಡೂ ಕಡೆಯ ಸಾಗಣೆ ವೆಚ್ಚ ನನ್ನ ತಲೆಯ ಮೇಲೆ ಬಿತ್ತು. ಪಿನ್‌ಕೋಡ್ ಬರೆಯುವಲ್ಲಿ ಅಂಕಿಗಳ ಕೀಬೋರ್ಡ್ ಬರುವುದಿಲ್ಲ, ಕ್ಯಾಮೆರಾದಿಂದ ತೆಗೆದ ಚಿತ್ರಗಳನ್ನು ಗಾತ್ರ ಇಳಿಸದೆ ಹಾಗೆಯೇ ಹಾಕಿದ್ದೀರಿ, ಇವನ್ನೂ ಸರಿಪಡಿಸಬೇಕು.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಇಷ್ಟನ್ನೂ ಹೆಚ್ಚುವರಿ ಶುಲ್ಕವಿಲ್ಲದೆ ಸರಿಪಡಿಸಿ, ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನೊಂದರಲ್ಲಿ ಕನ್ನಡ ಪುಟವನ್ನು ತೆರೆದು, ಆರ್ಡರ್ ಮುಗಿಯುವವರೆಗೆ ನನ್ನೆದುರು ನಡೆಸಿ ತೋರಿಸಬೇಕೆಂದು ಕೋರುತ್ತೇನೆ. ಉಳಿದ ಕೊನೆಯ ಕಂತನ್ನು ಅಂದೇ ಪಾವತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಮರಗಾಣ ಎಣ್ಣೆ ಘಟಕದ ಮಾಲೀಕ, ತಿಪಟೂರು