ಕ್ಯಾಮೆರಾ ಬದಲಾಯ್ತು, ಹಳೇ ಫೋಟೋಗಳ ಗತಿ ಏನು?

ಸಂಪಾದಕರಿಗೆ ನಮಸ್ಕಾರ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಪುಟ ಓದಿದೆ. ಯಾವ ಫೋನಲ್ಲಿ ಎಷ್ಟು ಮೆಗಾಪಿಕ್ಸೆಲ್, ಯಾವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸೋ ಕ್ಯಾಮೆರಾ) ಎಷ್ಟಕ್ಕೆ ಸಿಗುತ್ತೆ ಅಂತೆಲ್ಲ ಚೆನ್ನಾಗಿ ಕೊಟ್ಟಿದೀರ, ಹೊಸದಾಗಿ ತಗೊಳ್ಳೋರಿಗೆ ಉಪಯೋಗ ಆಗುತ್ತೆ. ಆದ್ರೆ ಇಪ್ಪತ್ತು ವರ್ಷದ ಮೇಲಾಯ್ತು ನಾನು ಡಿಜಿಟಲ್ ಕ್ಯಾಮೆರಾ ಹಿಡ್ದು, ಒಂದು ಬಿಟ್ಟು ಇನ್ನೊಂದು ತಗೊಂಡು ಬಂದಿದೀನಿ, ಈಗ ಹೊಸ ಕ್ಯಾಮೆರಾ ಯಾವುದು ಅನ್ನೋದಕ್ಕಿಂತ ಇಷ್ಟು ವರ್ಷ ತೆಗೆದಿದ್ದನ್ನ ಉಳಿಸ್ಕೊಳ್ಳೋದು ಹೇಗೆ ಅನ್ನೋದೇ ನನಗೆ ದೊಡ್ಡ ಚಿಂತೆ. ಅದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬಹುದು.

ನಮ್ಮದು ಸಾಗರ ತಾಲೂಕು, ತುಮರಿ ಕಡೆ. ಶರಾವತಿ ಹಿನ್ನೀರಿನ ಆಚೆ ದಡ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ತಗೊಂಡಿದ್ದು 2004ರಲ್ಲಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕ್ಯಾನನ್ ಪವರ್‌ಶಾಟ್ ಎ70, 3.2 ಮೆಗಾಪಿಕ್ಸೆಲ್, ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ ಅದೇ ಸೆಲ್ ನಾಲ್ಕು ಬೇಕಿತ್ತು. ಜೊತೆಗೆ ಬಂದ ಕಾರ್ಡು 16 ಎಂಬಿ, ದೊಡ್ಡ ಸೈಜಲ್ಲಿ ತೆಗೆದ್ರೆ ಹತ್ತು ಫೋಟೋ ಹಿಡಿದ್ರೆ ಹೆಚ್ಚು. ಆದ್ರೂ 36 ಫೋಟೋದ ರೋಲ್ ಹಾಕಿ, ಮದುವೆಗೆ ಅರ್ಧ, ಹಬ್ಬಕ್ಕೆ ಅರ್ಧ ಅಂತ ಲೆಕ್ಕ ಹಾಕಿ ತೆಗೀತಿದ್ದ ಮನೆಯವ್ರಿಗೆ, ತೆಗೆದ ತಕ್ಷಣ ಹಿಂದಿನ ಸಣ್ಣ ಸ್ಕ್ರೀನಲ್ಲಿ ಮುಖ ಕಾಣೋದೇ ಒಂದು ಸಂಭ್ರಮ, ಅಜ್ಜಿ ಅಂತೂ ತನ್ನ ಫೋಟೋ ನೋಡಿ ಸೆರಗು ಸರಿ ಮಾಡ್ಕೊಂಡು ಇನ್ನೊಂದು ತೆಗಿ ಅಂದಿದ್ಲು.

ಊರಿಗೆ ಹೋಗ್ಬೇಕು ಅಂದ್ರೆ ಹೊಳೆಬಾಗಿಲಲ್ಲಿ ಲಾಂಚ್, ಅಂದ್ರೆ ಜನ, ವಾಹನ ಎಲ್ಲ ಹಿನ್ನೀರು ದಾಟಿಸೋ ದೊಡ್ಡ ದೋಣಿ, ಹತ್ಬೇಕಿತ್ತು. ಹಾಗಾಗಿ ನನ್ನ ಹತ್ರ ಯಾವ ಕ್ಯಾಮೆರಾ ಇದ್ದಾಗ್ಲೂ ಸಿಕ್ಕಾಪಟ್ಟೆ ಇರೋದು ಲಾಂಚ್ ಫೋಟೋನೇ. ಬಸ್ಸು, ಜೀಪು, ಕಾರು ಒಂದಕ್ಕೊಂದು ತಾಗೋ ಹಾಗೆ ನಿಂತಿರೋದು, ಅದರ ಸಂದಿಯಲ್ಲಿ ಜನ, ಸಿಗಂದೂರಿಗೆ ಹೋಗೋ ಭಕ್ತರು, ಮಡಿಲಲ್ಲಿ ಮಲಗಿರೋ ಮಗು, ಕಂಬಿ ಹಿಡ್ಕೊಂಡು ನೀರು ನೋಡ್ತಾ ನಿಂತಿರೋ ಹುಡುಗ್ರು. ಬೇಸಿಗೇಲಿ ನೀರು ಇಳಿದ್ರೆ ವಾಹನ ಹತ್ತಿಸ್ಕೊಳ್ತಿರ್ಲಿಲ್ಲ, ಬರೀ ಜನ. ನೀರು ಇನ್ನೂ ಇಳಿದಾಗ ಹಿನ್ನೀರಲ್ಲಿ ಮುಳುಗಿರೋ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣ್ತಿತ್ತು, ಅದನ್ನೂ ತೆಗೆದಿದೀನಿ. ಆಗ ಇದೆಲ್ಲ ದಾಖಲೆ ಅಂತ ಯಾರು ಅಂದ್ಕೊಂಡಿದ್ರು, ಹೊತ್ತು ಹೋಗೋಕೆ ತೆಗೆದಿದ್ದು.

2009ರಲ್ಲಿ ನಿಕಾನ್ ಡಿ90 ಬಂತು, 18-105 ಎಂಎಂ ಜೂಮ್ ಲೆನ್ಸ್ ಜೊತೆ. ವಿಡಿಯೋ ತೆಗೆಯೋ ಮೊದಲ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರೋ, ಲೆನ್ಸ್ ಬದಲಾಯಿಸೋ ಕ್ಯಾಮೆರಾ) ಅಂತ ಅದಕ್ಕೆ ಹೆಸರು. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗೋ ನಮ್ಮೂರಲ್ಲಿ ಹಳೇ ಕ್ಯಾಮೆರಾ ಕೈ ಬಿಡ್ತಿತ್ತು, ಇದರಲ್ಲಿ ಬೆಳಕು ಹಿಡಿಯೋ ಸೂಕ್ಷ್ಮತೆ, ಅಂದ್ರೆ ಐಎಸ್ಒ, 1600ಕ್ಕೆ ಇಟ್ಕೊಂಡು ಅಡುಗೆಮನೆ ಒಲೆ ಬೆಳಕಲ್ಲೇ ಅಮ್ಮನ ಫೋಟೋ ತೆಗೆದಿದೀನಿ, ಈಗ್ಲೂ ಅದಕ್ಕಿಂತ ಒಳ್ಳೇ ಫೋಟೋ ನನ್ನಿಂದ ಬಂದಿಲ್ಲ ಅನ್ನಿಸುತ್ತೆ. ಆಮೇಲೆ ಹಳೇದೊಂದು 50 ಎಂಎಂ ಡಿ ಲೆನ್ಸ್ ತಗೊಂಡೆ. ಆ ಲೆನ್ಸಲ್ಲಿ ಫೋಕಸ್ ಮಾಡೋ ಮೋಟಾರ್ ಇಲ್ಲ, ಕ್ಯಾಮೆರಾದಲ್ಲಿರೋ ಮೋಟಾರೇ ಅದನ್ನ ತಿರುಗಿಸ್ಬೇಕು, ಡಿ90ಯಲ್ಲಿ ಅದು ಇತ್ತು. ಈಗ ನನ್ನ ಹತ್ರ ಇರೋ ನಿಕಾನ್ ಝಡ್50 ಮಿರರ್‌ಲೆಸ್‌ಗೆ ಹಳೇ ಲೆನ್ಸ್ ಕೂರಿಸೋ ಅಡಾಪ್ಟರ್ ಹಾಕಿದ್ರೆ 18-105 ಆರಾಮಾಗಿ ಫೋಕಸ್ ಆಗುತ್ತೆ, ಈ 50ನ್ನ ಮಾತ್ರ ಕೈಯಲ್ಲೇ ತಿರುಗಿಸ್ಬೇಕು. ನನಗೇನೂ ಬೇಜಾರಿಲ್ಲ, ಅದರ ಬಣ್ಣ ನನಗೆ ಇಷ್ಟ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕ್ಯಾಮೆರಾ ಬಾಡಿ ಬದಲಾಯಿಸೋರು ಲೆನ್ಸ್ ಮಾರೋ ಮುಂಚೆ ಇದನ್ನೆಲ್ಲ ವಿಚಾರಿಸ್ಬೇಕು, ಅಂಗಡಿಯಲ್ಲಿ ಹೊಸ ಕಿಟ್ ಮಾರೋದಷ್ಟೇ ನೋಡ್ತಾರೆ.

ಮಧ್ಯ ಸುಮಾರು ವರ್ಷ ಫೋನೇ ಕ್ಯಾಮೆರಾ ಆಗಿತ್ತು. ಫೋನಿನ ಬಗ್ಗೆ ನನಗೆ ತಕರಾರಿಲ್ಲ, ಮಗಳ ಮೊದಲ ಹೆಜ್ಜೆ ಸಿಕ್ಕಿದ್ದು ಅದರಲ್ಲೇ. ಆದ್ರೆ ಅದು ನಾಲ್ಕೈದು ಫ್ರೇಮ್ ಸೇರಿಸಿ ತಾನೇ ಬೆಳಕು ಹೊಂದಿಸಿ ಹಿನ್ನೀರಿನ ಮುಸ್ಸಂಜೆಯನ್ನ ಮಧ್ಯಾಹ್ನದ ಹಾಗೆ ಮಾಡಿಬಿಡುತ್ತೆ, ನಾನು ನೋಡಿದ ಸಂಜೆ ಅದಲ್ಲ. ಅದಕ್ಕೇ ಮತ್ತೆ ಕ್ಯಾಮೆರಾಗೆ ಬಂದೆ.

ಈಗ ಮುಖ್ಯ ವಿಷಯ. 2025ರ ಜುಲೈನಲ್ಲಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು, ದಶಕಗಳ ಬೇಡಿಕೆ, ನಮ್ಮ ಜನ ಅತ್ತಿದ್ದೂ ನಿಜ, ಕುಣಿದಿದ್ದೂ ನಿಜ. ಅರ್ಧ ರಾತ್ರೀಲಿ ಹುಷಾರು ತಪ್ಪಿದವರನ್ನ ದಡದಲ್ಲಿ ಇಟ್ಕೊಂಡು ಕಾಯೋ ಕಷ್ಟ ಮುಗೀತು. ಆ ವಾರ ಮನೆಯವ್ರೆಲ್ಲ ಲಾಂಚಿನ ಹಳೇ ಫೋಟೋ ಕೇಳಿದ್ರು, ನಾನು ಹುಡುಕೋಕೆ ಕೂತೆ. ಎ70ಯವು ಸಿಡಿಯಲ್ಲಿದ್ವು, ಮನೆಯ ಯಾವ ಲ್ಯಾಪ್‌ಟಾಪಲ್ಲೂ ಸಿಡಿ ಹಾಕೋ ಜಾಗ ಇಲ್ಲ. ಹೊರಗಿನಿಂದ ಡ್ರೈವ್ ತಂದು ಹಾಕಿದ್ರೆ ಕೆಲವು ಸಿಡಿ ಓದಿದ್ವು, ಕೆಲವು ಕರಕರ ಅಂದು ನಿಂತ್ವು. ಅಣ್ಣನ ಹಳೇ ಕ್ಯಾಮೆರಾದ್ದು ಎಕ್ಸ್‌ಡಿ ಅನ್ನೋ ಹಳೇ ನಮೂನೆ ಮೆಮೊರಿ ಕಾರ್ಡು, ಅದಕ್ಕೆ ರೀಡರ್ ಸಾಗರದಲ್ಲೂ ಸಿಗ್ಲಿಲ್ಲ, ಬೆಂಗಳೂರಲ್ಲೂ ನಾನು ಕೇಳಿದ ಅಂಗಡಿಗಳಲ್ಲಿ ಸಿಗ್ಲಿಲ್ಲ. ಅತ್ತಿಗೆ ಫ್ಯಾಮಿಲಿ ಗ್ರೂಪಿನಿಂದ ತೆಗೆದು ಕಳಿಸಿದ್ದು ಅಂಚೆಚೀಟಿಯಷ್ಟು ಸಣ್ಣದು, ವಾಟ್ಸಾಪಲ್ಲಿ ಫೋಟೋ ಕಳ್ಸಿದ್ರೆ ಸೈಜು ಇಳಿಸೋದಷ್ಟೇ ಅಲ್ಲ, ಫೈಲ್ ಒಳಗೆ ಕ್ಯಾಮೆರಾ ಬರೆದಿಟ್ಟಿರೋ ತಾರೀಕು, ಟೈಮು ಎಲ್ಲಾನೂ ಅಳಿಸಿ ಹೋಗುತ್ತೆ. ಯಾವ ವರ್ಷದ್ದು ಅಂತ ಗೊತ್ತಾಗಿದ್ದು ಅದರಲ್ಲಿದ್ದ ಮಗು ಯಾರು ಅಂತ ಅಮ್ಮ ಗುರುತು ಹಿಡಿದ ಮೇಲೆ.

ಸರಿಯಾಗಿ ಸಿಕ್ಕಿದ್ದು ಯಾವುದು ಗೊತ್ತಾ, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಸೇರಿಸಿದ್ದವು. 3.2 ಮೆಗಾಪಿಕ್ಸೆಲ್ ಅಂದ್ರೆ ಈಗಿನ ಮಕ್ಕಳು ನಗ್ತಾರೆ, ಆದ್ರೆ 6x4 ಪ್ರಿಂಟ್ ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಹಾಕೋಕೆ 1800x1200 ಸಾಕು, ಸುಮಾರು 2.2 ಮೆಗಾಪಿಕ್ಸೆಲ್, ನಮ್ಮ ಎ70 ಕೊಡ್ತಿದ್ದಿದ್ದು 2048x1536. ಲಾಂಚಿನ ಆ ಪ್ರಿಂಟಲ್ಲಿ ಬಸ್ಸಿನ ಬೋರ್ಡು ಇವತ್ತಿಗೂ ಓದೋಕೆ ಬರುತ್ತೆ.

ಈ ಹಿನ್ನೀರು ನಿಂತಿರೋದೇ ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದು ಮುಗಿದಿದ್ದು 1964ರಲ್ಲಿ. ಮುಳುಗಡೆಗೆ ಮುಂಚಿನ ನಮ್ಮ ಹಳೇ ಮನೆ, ಗದ್ದೆ ಯಾವುದರದ್ದೂ ಒಂದು ಫೋಟೋ ನಮ್ಮನೇಲಿಲ್ಲ, ಆಗ ಕ್ಯಾಮೆರಾ ಯಾರ ಹತ್ರ ಇತ್ತು. ಅಜ್ಜಿ ಬಾಯಲ್ಲಿ ಕೇಳಿದ್ದಷ್ಟೇ. ನಮ್ಮ ಕಾಲದಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಆದ್ರೂ ಮೊಮ್ಮಕ್ಕಳಿಗೆ ಲಾಂಚ್ ತೋರಿಸೋಕೆ ಫೋಟೋ ಇಲ್ಲದ ಹಾಗೆ ಆದ್ರೆ ಅದು ನನಗೆ ಸಹಿಸೋಕಾಗಲ್ಲ.

ಕ್ಲೌಡಲ್ಲಿ ಇದೆಯಲ್ಲ ಅಂತೀರ. ಗೂಗಲ್ ಫೋಟೋಸ್ ಎಷ್ಟು ಬೇಕಾದ್ರೂ ಫ್ರೀ ಅಂತ ಇದ್ದಿದ್ದು 2021ರ ಜೂನ್ 1ಕ್ಕೆ ನಿಂತು 15 ಜಿಬಿ ಮಿತಿಗೆ ಬಂತು, ಅದರೊಳಗೆ ನಮ್ಮ ಜಿಮೇಲ್ ಕೂಡ ಸೇರುತ್ತೆ. ದುಡ್ಡು ಕಟ್ಟಿ ಇಟ್ಕೊಂಡ್ರೂ ಪಾಸ್‌ವರ್ಡ್ ಮನೇಲಿ ಒಬ್ಬರಿಗೇ ಗೊತ್ತಿದ್ರೆ ಅವರ ನಂತರ ಯಾರು ತೆಗೀತಾರೆ? ನಾನೀಗ ಎರಡು ಹಾರ್ಡ್‌ಡಿಸ್ಕಲ್ಲಿ ಇಟ್ಟು ಒಂದನ್ನ ಊರಲ್ಲಿ ಅಣ್ಣನ ಮನೇಲಿ ಬಿಟ್ಟಿದೀನಿ, ವರ್ಷಕ್ಕೊಂದ್ಸಲ ದೀಪಾವಳಿಗೆ ಹೋದಾಗ ತುಂಬಿಸಿ ಬರ್ತೀನಿ, ಒಳ್ಳೇವನ್ನ ಪ್ರಿಂಟ್ ಹಾಕಿಸಿ ಹಿಂದೆ ಪೆನ್ಸಿಲಲ್ಲಿ ಹೆಸರು, ಊರು, ವರ್ಷ ಬರೀತೀನಿ. ಅಮ್ಮ ಇರೋವಾಗ್ಲೇ ಹೆಸರೆಲ್ಲ ಕೇಳಿ ಬರ್ಕೋಬೇಕು, ಅದೇ ಈಗ ಅವಸರದ ಕೆಲಸ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಶಿವಮೊಗ್ಗ ಪುಟದಲ್ಲಿ ವಾರಕ್ಕೊಂದು ಓದುಗರ ಹಳೇ ಫೋಟೋ ಹಾಕಿ, ಯಾರು, ಯಾವೂರು, ಯಾವ ವರ್ಷ ಅನ್ನೋ ವಿವರ ಸಮೇತ. ಹಿನ್ನೀರಿನ ಲಾಂಚಿಂದಲೇ ಶುರು ಮಾಡಿದ್ರೆ ಕರೂರು ಹೋಬಳಿಯ ಮನೆಮನೆಯಲ್ಲೂ ಒಂದೆರಡು ಸಿಗುತ್ತೆ, ನನ್ನ ಹತ್ರ 2004ರಿಂದ ಸೇತುವೆ ಆಗೋ ತನಕದ್ದು ಇದೆ, ಎಷ್ಟು ಬೇಕಾದ್ರೂ ಕೊಡ್ತೀನಿ. ವಾಟ್ಸಾಪ್ ನಂಬರ್ ಕೊಡೋದಾದ್ರೆ ಡಾಕ್ಯುಮೆಂಟ್ ಆಗಿ ಕಳ್ಸಿ ಅಂತ ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ, ಇಲ್ಲಾಂದ್ರೆ ಪೇಪರಲ್ಲಿ ಅಚ್ಚು ಮಾಡೋಕೆ ಆಗದಷ್ಟು ಸಣ್ಣದಾಗಿ ಬರುತ್ತೆ.

— ಒಬ್ಬ ಓದುಗ, ತುಮರಿ ಕಡೆಯವನು, ಸದ್ಯ ಬೆಂಗಳೂರು